ಕಂಡವರು ಯಾರು?

ನಮ್ಮ ಇಂಗ್ಲಿಷ್ ಮೇಡಂ ನಿವೃತ್ತರಾದ ದಿನ ಶಾಲೆಯ ಅಂಗಳದಲ್ಲಿ ಶಾಮಿಯಾನ ಹಾಕಿಸಿ, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೈಗಿಟ್ಟು, ಒಬ್ಬರಾದ ಮೇಲೆ ಒಬ್ಬರು ಅವರ ಧೈರ್ಯವನ್ನು ಹೊಗಳಿದರು. ಆನೆ ಓಡಾಡುವ ಜಾಗದಲ್ಲಿ ಇಷ್ಟು ವರ್ಷ ಒಬ್ಬ ಹೆಣ್ಣುಮಗಳು ಎದೆಗುಂದದೆ ಪಾಠ ಮಾಡಿದರು ಎಂದು ಊರಿನ ಹಿರಿಯರೊಬ್ಬರು ಮೈಕಿನಲ್ಲಿ ಹೇಳುವಾಗ ನಾನು ತಲೆ ತಗ್ಗಿಸಿ ನಗು ನುಂಗಿಕೊಂಡೆ. ಪಕ್ಕದಲ್ಲಿ ಕೂತಿದ್ದ ಮೇಡಂ ನನ್ನ ಕಡೆ ಬಾಗಿ, "ಇವ್ರು ಯಾರ ವಿಷ್ಯ ಹೇಳ್ತಾವ್ರೆ ಮೇಷ್ಟ್ರೇ?" ಎಂದರು. ಅವರಷ್ಟು ಹೆದರುವ ಇನ್ನೊಂದು ಜೀವವನ್ನು ನಾನು ಈ ಬೆಟ್ಟಗಳಲ್ಲಿ ನೋಡಿಲ್ಲ.

ನಮ್ಮ ಶಾಲೆ ಸಕಲೇಶಪುರದಿಂದ ವನಗೂರಿನ ಕಡೆ ಹೋಗುವ ರಸ್ತೆಯಲ್ಲಿದೆ. ಮೂರು ಕಡೆ ಕಾಫಿ ತೋಟ, ಒಂದು ಕಡೆ ರಸ್ತೆ. ನಾನು ಇಲ್ಲಿ ಕನ್ನಡ ಮೇಷ್ಟ್ರು. ಆಲೂರು ತಾಲ್ಲೂಕಿನ ಪಾಳ್ಯದ ಕಡೆಯವನು, ಆನೆ ರಾಗಿ ಹೊಲ ತುಳಿದು ಹೋದದ್ದನ್ನು ಚಿಕ್ಕಂದಿನಿಂದ ನೋಡಿದವನು, ಆದ್ದರಿಂದ ಮೊದಮೊದಲು ನನಗೆ ಮೇಡಂ ಆಡುವುದೆಲ್ಲ ಅತಿ ಅನ್ನಿಸುತ್ತಿತ್ತು. ಹಿತ್ತಲಿನ ಶೌಚಾಲಯಕ್ಕೆ ಹೋಗುವ ಮುಂಚೆ ಅವರು ಬಾಗಿಲಲ್ಲೇ ನಿಂತು ಚಪ್ಪಾಳೆ ತಟ್ಟುತ್ತಿದ್ದರು. ತಟ್ಟಿ, ಕಾದು, ಇನ್ನೊಮ್ಮೆ ತಟ್ಟಿ, ಆಮೇಲೆ ಹೆಜ್ಜೆ ಇಡುತ್ತಿದ್ದರು. ಪಾಠದ ನಡುವೆ ಹೊರಗೆಲ್ಲೋ ಒಣಕೊಂಬೆ ಮುರಿದರೆ ಬೋರ್ಡಿನ ಮೇಲೆ ಚಾಕ್‌ಪೀಸ್ ಹಾಗೇ ನಿಂತುಬಿಡುತ್ತಿತ್ತು. ಬೆಳಿಗ್ಗೆ ಬಸ್ಸಿಳಿದ ಕೂಡಲೆ ಮೂಗೆತ್ತಿ ಗಾಳಿ ಹಿಡಿಯುತ್ತಿದ್ದರು. ಏನು ವಾಸನೆ ಮೇಡಂ ಎಂದು ಕೇಳಿದರೆ, "ಗೊತ್ತಾಗ್ಲಿಲ್ಲ. ಗೊತ್ತಾಗ್ದೆ ಇರೋದಕ್ಕೇ ಹೆದ್ರಿಕೆ ಕಣ್ರೀ" ಎನ್ನುತ್ತಿದ್ದರು.

ಹೆದರಿಕೆಯನ್ನು ಅವರು ಮುಚ್ಚಿಡುತ್ತಿರಲಿಲ್ಲ. ನಾವೆಲ್ಲ ಗಂಡಸರು ಕೆಮ್ಮಿ, ಮೀಸೆ ಸವರಿ, ಪ್ಯಾಂಟಿನ ಜೇಬಿಗೆ ಕೈಹಾಕಿ ಹೇಗೋ ಮುಚ್ಚಿಕೊಳ್ಳುವುದನ್ನು ಅವರು ಜ್ವರ ಬಂದಿದೆ ಎಂದು ಹೇಳುವಷ್ಟು ಸರಾಗವಾಗಿ ಹೇಳಿಬಿಡುತ್ತಿದ್ದರು. ಅವರು ಹುಟ್ಟಿದ್ದು ಹಾನುಬಾಳಿನ ಹತ್ತಿರ, ವನಗೂರಿಗೆ ಮುಂಚೆ ಸಿಗುವ ಒಂದು ಹಳ್ಳಿಯಲ್ಲಿ ತಂಗಿಯ ಸಂಸಾರದ ಜೊತೆ ವಾಸ. ಮದುವೆಯಾಗಿರಲಿಲ್ಲ. ಯಾಕೆ ಎಂದು ಯಾರೋ ಕೇಳಿದ್ದಕ್ಕೆ, "ಅದಕ್ಕೂ ಹೆದ್ರಿಕೊಂಡೆ" ಅಂದಿದ್ದರಂತೆ.

ಹೀಗೆ ನಾನು 'ಯಾರೋ' ಎಂದು ಬರೆದದ್ದನ್ನು ಅವರು ನೋಡಿದರೆ ಬಿಡುವುದಿಲ್ಲ. ಯಾರೋ, ಏನೋ, ಎಲ್ಲೋ, ಯಾವುದೋ ಎನ್ನುವ ಮಾತುಗಳು ಅವರಿಗೆ ಪ್ರೀತಿಯೂ ಹೌದು, ಭಯವೂ ಹೌದು. ಹೊಸ ಮಗು ಶಾಲೆಗೆ ಸೇರಿದರೆ ಎಲ್ಲರೂ ಅಪ್ಪನ ಹೆಸರು ಕೇಳುತ್ತಾರೆ, ಮೇಡಂ ಮಾತ್ರ, "ನಿಮ್ಮನೇಲಿ ಯಾರೋ ಬಂದ್ರು ಅನ್ನೋಕೆ ಏನಂತೀರ ಪುಟ್ಟ?" ಎಂದು ಕೇಳುತ್ತಿದ್ದರು. ನಮ್ಮ ಶಾಲೆಯ ಮಕ್ಕಳಲ್ಲಿ ಅರ್ಧಕ್ಕರ್ಧ ಎಸ್ಟೇಟ್ ಲೈನಿನ ಕೂಲಿಮನೆಗಳವರು, ಬೇರೆ ಬೇರೆ ಸೀಮೆಯಿಂದ ಕೆಲಸಕ್ಕೆ ಬಂದವರ ಮಕ್ಕಳು. ತುಳುವಿನವರು ಏರೋ ಎಂದರು, ತಮಿಳಿನವರು ನಮ್ಮ ಹಾಗೇ ಯಾರೋ ಎಂದರು, ಮಲಯಾಳದವರು ಆರೋ ಎಂದರು. ಹಿಂದಿಯ ಮಗು ಕೋಯಿ ಎಂದಿತು. ಅಸ್ಸಾಮಿನಿಂದ ಬಂದ ಹುಡುಗಿ ಮೆಲ್ಲಗೆ, ಕೋನೋಬಾ ಎಂದಳು. ಯಾರು ಅನ್ನೋದಕ್ಕೆ ಏನಂತೀಯ ಎಂದು ಕೇಳಿದರೆ, ಕೋನ್ ಎಂದಳು. ಮೇಡಂ ಸ್ಟಾಫ್ ರೂಮಿಗೆ ಓಡಿಬಂದು ನನ್ನ ಮೇಜು ಕುಟ್ಟಿದರು.

"ನೋಡಿದ್ರಾ ಮೇಷ್ಟ್ರೇ, ಅಲ್ಲೂ ಅದೇ ಕಥೆ. ಯಾರು ಅಂತ ಒಂದು ಪ್ರಶ್ನೆ, ಅದಕ್ಕೊಂದು ಬಾಲ. ಯಾರೋ ಅಂದ್ರೆ ಏನು ಹೇಳಿ? ಕೇಳಿದ್ದಕ್ಕೆ ಉತ್ತರ ಸಿಗದೆ, ಆ ಪ್ರಶ್ನೇನೇ ಉತ್ತರ ಅಂತ ಇಟ್ಕೊಂಡು ಮಲಗೋದು."

ಕನ್ನಡ ಮೇಷ್ಟ್ರಾಗಿ ಇಷ್ಟು ವರ್ಷ ವ್ಯಾಕರಣ ಹೇಳಿದ ನನಗೆ ಇದು ಹೊಳೆದಿರಲಿಲ್ಲ. ಯಾರಾದರೂ ಇದ್ದೀರಾ, ಯಾರೋ ಇದ್ದಾರೆ, ಯಾರೂ ಇಲ್ಲ. ಈ ಮೂರನ್ನು ಮೇಡಂ ಒಂದರ ಕೆಳಗೆ ಒಂದು ಬೋರ್ಡಿನಲ್ಲಿ ಬರೆದು, ಯಾವುದಕ್ಕೆ ಜಾಸ್ತಿ ಹೆದರಿಕೆ ಆಗುತ್ತದೆ ಎಂದು ಮಕ್ಕಳ ಕೈ ಎತ್ತಿಸುತ್ತಿದ್ದರು. ಚಿಕ್ಕವರು ಎಲ್ಲರೂ 'ಯಾರೂ ಇಲ್ಲ'ಕ್ಕೆ ಕೈ ಎತ್ತುತ್ತಿದ್ದರು. ದೊಡ್ಡ ತರಗತಿಯವರು 'ಯಾರೋ ಇದ್ದಾರೆ'ಗೆ ಎತ್ತುತ್ತಿದ್ದರು. ಮೇಡಂ ದೊಡ್ಡವರ ಪಕ್ಷ.

ಇಂಗ್ಲಿಷಿನ ಎ ಮತ್ತು ದಿ ಕಲಿಸುವುದಂತೂ ಅವರಿಗೆ ಒಂದು ವ್ರತದ ಹಾಗೆ. ಕನ್ನಡದಲ್ಲಿ ಆ ತಂಟೆಯೇ ಇಲ್ಲ. ಆನೆ ಬಂತು ಎಂದರೆ ಮುಗಿಯಿತು. ಗೊತ್ತಿರುವ ಆನೆಯೋ ಗೊತ್ತಿಲ್ಲದ ಆನೆಯೋ, ಹೇಳಿದವನ ಮುಖ ನೋಡಿ ತಿಳಿದುಕೊಳ್ಳಬೇಕು. ಅಸ್ಸಾಮಿನ ಹುಡುಗಿಗೆ ಮಾತ್ರ ಇದು ಬೇಗ ಹತ್ತಿತು. ಅವಳ ಮಾತಿನಲ್ಲಿ ಯಾವುದೋ ಒಂದು ಆನೆಗೆ ಹಾತಿ ಎಟಾ, ಆಗಲೇ ಕಂಡಿರುವ ಆನೆಗೆ ಹಾತಿಟೋ ಎಂದು ಬೇರೆ ಬೇರೆ ಉಂಟಂತೆ. ಮಿಕ್ಕವರು ಹೆಣಗಾಡಿದರು. ಒಮ್ಮೆ ಮೇಡಂ ಪರೀಕ್ಷೆಯಲ್ಲಿ, ಹಳ್ಳಿಗೆ ಆನೆ ಬಂತು ಎಂಬ ವಾಕ್ಯವನ್ನು ಇಂಗ್ಲಿಷಿನಲ್ಲಿ ಕೊಟ್ಟು, ಆನೆಯ ಹಿಂದೆ ಬಿಟ್ಟ ಸ್ಥಳ ತುಂಬಿ ಎಂದಿದ್ದರು. ಇಡೀ ತರಗತಿ 'ದಿ' ಎಂದು ಬರೆದಿತ್ತು. ಯಾಕ್ರೋ ಎಂದು ಕೇಳಿದರೆ, "ನಮ್ಮೂರಿಗೆ ಬರೋದು ಅದೇ ಅಲ್ವಾ ಮಿಸ್, ನಮ್ಗೆಲ್ಲ ಗೊತ್ತಿರೋ ಆನೇನೇ" ಅಂದರಂತೆ. ನಾವು ಸ್ಟಾಫ್ ರೂಮಿನಲ್ಲಿ ಬಿದ್ದು ಬಿದ್ದು ನಕ್ಕೆವು. ಮೇಡಂ ಕೂಡ ನಕ್ಕು, ಆಮೇಲೆ ಕೆಂಪು ಪೆನ್ನು ತೆಗೆದು, ಮತ್ತೆ ಮುಚ್ಚಳ ಹಾಕಿ ಪಕ್ಕಕ್ಕಿಟ್ಟರು. ತಪ್ಪು ಹಾಕಲು ಮನಸ್ಸು ಬರಲಿಲ್ಲ, ಸರಿ ಹಾಕಲು ಧೈರ್ಯ ಬರಲಿಲ್ಲ ಎಂದು ಆಮೇಲೆ ನನಗೆ ಹೇಳಿದರು.

ಮಕ್ಕಳದ್ದೇನೂ ತಪ್ಪಿರಲಿಲ್ಲ. ಇಲ್ಲಿ ಆನೆಗೆ ಹೆಸರಿಡುವುದು ರೂಢಿ. ಒಂಟಿ ಸಲಗ ನಾಲ್ಕು ಸಲ ಕಂಡರೆ ಸಾಕು, ಒಂದು ಹೆಸರು ಬೀಳುತ್ತದೆ. ನಮ್ಮ ಕಡೆ ಓಡಾಡುತ್ತಿದ್ದದ್ದರ ಹೆಸರು ಪೋಸ್ಟ್‌ಮ್ಯಾನ್. ಪ್ರತಿ ಮನೆಯ ಗೇಟಿನ ಮುಂದೆಯೂ ಒಂದು ಗಳಿಗೆ ನಿಂತು ಮುಂದಕ್ಕೆ ಹೋಗುತ್ತದೆ ಎಂದು. ಹೆಸರು ಬಿದ್ದಮೇಲೆ ಜನಕ್ಕೆ ಅದು ಬೀದಿಯ ನೆಂಟ. ಪೋಸ್ಟ್‌ಮ್ಯಾನ್ ಮೇಲಿನ ತೋಟದಲ್ಲಿದ್ದಾನೆ, ಪೋಸ್ಟ್‌ಮ್ಯಾನ್ ಹಲಸಿನ ಮರ ಅಲ್ಲಾಡಿಸುತ್ತಿದ್ದಾನೆ ಎಂದು ಬೆಳಿಗ್ಗೆಯಿಂದ ಫೋನಿನಲ್ಲಿ ಸುದ್ದಿ. ಮೇಡಂಗೆ ಈ ಹೆಸರು ಕೇಳಿದರೆ ಮೈಯೆಲ್ಲ ಉರಿಯುತ್ತಿತ್ತು.

"ಹೆಸ್ರು ಇಟ್ಬುಟ್ರೆ ಹೆದ್ರಿಕೆ ಅರ್ಧ ಹೋಗ್ಬುಡ್ತದೆ. ಇರ್ಬೇಕಾಗಿದ್ದೇ ಆ ಅರ್ಧ" ಎನ್ನುತ್ತಿದ್ದರು. ಯಾರು ಯಾವ ಸುದ್ದಿ ತಂದರೂ ಅವರದು ಒಂದೇ ಪ್ರಶ್ನೆ: ಕಂಡವರು ಯಾರು? ಅಂತೆ, ಕಂತೆ, ಆ ಕಡೆಯವರು ಅಂದರು ಎನ್ನುವುದನ್ನೆಲ್ಲ ಅವರು ಸುದ್ದಿ ಎಂದು ಲೆಕ್ಕಕ್ಕೇ ತೆಗೆದುಕೊಳ್ಳುತ್ತಿರಲಿಲ್ಲ. ಲೈನಿನ ಮಕ್ಕಳು ಸಂಜೆ ತೋಟದ ಒಳದಾರಿಯಲ್ಲಿ ನಡೆದು ಮನೆ ಸೇರಬೇಕು. ಆನೆ ದಾರಿ ಬಿಟ್ಟಿದೆ ಎಂದು ಕಣ್ಣಾರೆ ನೋಡಿದವರೊಬ್ಬರು ಬಂದು ಹೇಳದ ಹೊರತು ಮೇಡಂ ಗೇಟು ತೆಗೆಯುತ್ತಿರಲಿಲ್ಲ. ಅದು ಅವರ ಕೆಲಸವೇನೂ ಆಗಿರಲಿಲ್ಲ. ಹೆದರುವವರು ಇನ್ನೊಬ್ಬರಿಲ್ಲದ್ದರಿಂದ ಅವರ ಪಾಲಿಗೆ ಬಂದಿತ್ತು.

ಒಂದು ಸಂಜೆಯ ಮಾತು ಹೇಳಬೇಕು. ಕಾಫಿ ಕೊಯ್ಲಿನ ಕಾಲ. ಅವತ್ತು ಬೆಳಿಗ್ಗೆಯಿಂದ ಪೋಸ್ಟ್‌ಮ್ಯಾನ್ ಶಾಲೆಯ ಕೆಳಗಿನ ತೋಟದಲ್ಲೇ ಇದ್ದ. ಶಾಲೆ ಬಿಡುವ ಹೊತ್ತಿಗೆ ಸರಿಯಾಗಿ ಟಾರ್ ರಸ್ತೆ ದಾಟಿ ಎದುರು ಗುಡ್ಡ ಹತ್ತಿದ. ದಾಟುವುದನ್ನು ಜೀಪಿನ ಡ್ರೈವರೊಬ್ಬ ಫೋನಿನಲ್ಲಿ ಹಿಡಿದು, ಶಾಲೆಯ ಮುಂದೆ ನಿಲ್ಲಿಸಿ ಎಲ್ಲರಿಗೂ ತೋರಿಸಿದ. ಎಲ್ಲರ ಮುಖದಲ್ಲೂ ಕಳೆ ಬಂತು. ಹೆಡ್‌ಮಾಸ್ತರು ಗಂಟೆ ಹೊಡೆಸಿದರು. ಮಕ್ಕಳು ಚೀಲ ಹೆಗಲಿಗೇರಿಸಿ ಗೇಟಿಗೆ ಬಂದರೆ ಅಲ್ಲಿ ಮೇಡಂ ಕೊಡೆಯನ್ನು ಎದೆಗವಚಿಕೊಂಡು ಅಡ್ಡ ನಿಂತಿದ್ದರು.

"ಹೋಯ್ತಲ್ಲ ಮೇಡಂ, ವಿಡಿಯೋನೇ ಐತೆ" ಎಂದ ಡ್ರೈವರು.

"ಹೋಗಿದ್ದು ಅದು. ಒಳಗೆ ಇನ್ನೊಂದು ಇಲ್ಲ ಅಂತ ಕಂಡವರು ಯಾರು?"

"ಇನ್ನೊಂದು ಎಲ್ಲಿಂದ ಬತ್ತದೆ? ಇಲ್ಲಿರೋದು ಪೋಸ್ಟ್‌ಮ್ಯಾನ್ ಒಬ್ನೇ ಕಣ್ರೀ."

"ಅವನಿಗೆ ಹೆಸ್ರಿಟ್ಟೋರು ನೀವು. ಹೆಸ್ರಿಲ್ದೇ ಇರೋವು ನಿಮ್ಗೆ ಹೇಳಿ ಬತ್ತಾವಾ?"

ಡ್ರೈವರು ನಕ್ಕ. ಹೆಡ್‌ಮಾಸ್ತರು ಗಡಿಯಾರ ನೋಡಿದರು. ತೋಟದಿಂದ ಮಗಳನ್ನು ಕರೆದೊಯ್ಯಲು ಬಂದಿದ್ದ ಲೈನಿನ ಹೆಂಗಸೊಬ್ಬಳು, "ಬುಡಿ ಮಿಸ್, ಕತ್ಲಾದ್ರೆ ಇನ್ನೂ ಕಷ್ಟ. ಈಗ್ಲೇ ಹೋಗ್ಬುಡ್ತೀವಿ" ಎಂದಳು. ಅವಳು ಹೇಳಿದ್ದೂ ಸರಿಯೇ. ಹಿಡಿದಿಟ್ಟುಕೊಂಡಷ್ಟೂ ಬೆಳಕು ಕಡಿಮೆಯಾಗುತ್ತದೆ, ಬೆಳಕು ಕಡಿಮೆಯಾದಷ್ಟೂ ಅಪಾಯ ಹೆಚ್ಚು. ಬಿಟ್ಟರೂ ಕೆಟ್ಟೆವು, ಹಿಡಿದರೂ ಕೆಟ್ಟೆವು. ಮೇಡಂ ಕೊಡೆಯನ್ನು ಗೇಟಿನ ಸರಳಿಗೆ ಅಡ್ಡ ಸಿಗಿಸಿದರು. ಕಾಲು ಕದಲಲಿಲ್ಲ. ಅಲ್ಲಿಯವರೆಗೆ ನಾನು ಒಂದು ಆನೆಗೆ ಮಾತ್ರ ಹೆದರುತ್ತಿದ್ದೆ. ಅದು ಹೋಗಿದೆ ಎಂದ ಮೇಲೆ ಹೆದರಲು ನನ್ನ ಬಳಿ ಏನೂ ಇರಲಿಲ್ಲ. ಈಗ ಮತ್ತೆ ಇಡೀ ತೋಟ ಹೆಸರಿಲ್ಲದ ಆನೆಗಳಿಂದ ತುಂಬಿಕೊಂಡಿತು.

ಕೊನೆಗೆ ಎಸ್ಟೇಟಿನ ಲೆಕ್ಕ ಬರೆಯುವ ರೈಟರಿಗೆ ಫೋನು ಮಾಡಿ, ಕಾಫಿ ಹಣ್ಣಿನ ಮೂಟೆ ಇಳಿಸಿ ಖಾಲಿಯಾಗಿದ್ದ ಟ್ರ್ಯಾಕ್ಟರು ತರಿಸಿದೆವು. ಮಕ್ಕಳನ್ನು ಟ್ರೈಲರಿಗೆ ಹತ್ತಿಸಿ, ಒಳದಾರಿ ಬಿಟ್ಟು ಟಾರ್ ರಸ್ತೆಯಲ್ಲಿ ಸುತ್ತಿಕೊಂಡು ಹೊರಟೆವು. ಮೇಡಂ ಮಕ್ಕಳ ನಡುವೆ ಕೂತರು, ನಾನು ಹಿಂದೆ ಹಲಗೆ ಹಿಡಿದು ನಿಂತೆ. ಲೈನಿಗೆ ತಿರುಗುವ ಮುಂಚಿನ ಇಳಿಜಾರಿನಲ್ಲಿ, ಒಳದಾರಿ ಬಂದು ರಸ್ತೆಗೆ ಸೇರುವ ಕಡೆ, ಆನೆಗೆ ಪ್ರಿಯವಾದ ಹಸಿ ಬೈನೆ ಮರವೊಂದು ಸಿಗಿದು ಅಡ್ಡ ಬಿದ್ದಿತ್ತು. ಟ್ರ್ಯಾಕ್ಟರಿನವನು ಇಂಜಿನ್ ನಿಲ್ಲಿಸಿ ಕಿವಿಗೊಟ್ಟ.

ಏನೂ ಕೇಳಲಿಲ್ಲ. ಹಕ್ಕಿಯೂ ಇಲ್ಲ. ಆಮೇಲೆ ರಸ್ತೆಯ ಕೆಳಗೆ, ಕಾಫಿ ಗಿಡಗಳ ಸಾಲಿನೊಳಗೆ, ಸಣ್ಣಗೆ ಚಟ್ ಎಂದಿತು. ಸ್ವಲ್ಪ ಬಿಟ್ಟು ಇನ್ನೊಮ್ಮೆ.

"ಏನೋ ಐತೆ" ಎಂದು ಟ್ರ್ಯಾಕ್ಟರಿನವನು ತುಟಿಯಲ್ಲೇ ಅಂದ.

ಮಕ್ಕಳು ಎಷ್ಟು ಸುಮ್ಮನೆ ಕೂತರೆಂದರೆ, ಅದನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ. ಅಷ್ಟು ಚಿಕ್ಕವರಿಗೆ ಅಷ್ಟು ಸುಮ್ಮನಿರಲು ಬರಬಾರದು. ಒಂದೇ ಒಂದು ಪುಟ್ಟ ಮಗು ಮೇಡಂನ ಸೆರಗು ಜಗ್ಗಿ, "ಏನು ಮಿಸ್?" ಎಂದು ಉಸಿರಿನಲ್ಲಿ ಕೇಳಿತು. "ಗೊತ್ತಿಲ್ಲ ಕಂದ. ಗೊತ್ತಿಲ್ಲ ಅಂತ್ಲೇ ಸುಮ್ನೆ ಕೂತಿರೋದು" ಎಂದು ಮೇಡಂ ಅದರ ತಲೆಯನ್ನು ಮಡಿಲಿಗೆ ಒತ್ತಿಕೊಂಡರು. ಅವರ ಇನ್ನೊಂದು ಕೈ ನನ್ನ ಕಾಲಿನ ಪ್ಯಾಂಟನ್ನು ಹಿಡಿದುಕೊಂಡಿತ್ತು. ಟ್ರ್ಯಾಕ್ಟರಿನವನು ಮತ್ತೆ ಇಂಜಿನ್ ಹಚ್ಚಿ, ಜೋರಾಗಿ ಅಬ್ಬರಿಸಿ, ಮರದ ತುದಿಯ ಮೇಲೇ ಹತ್ತಿಸಿಕೊಂಡು ಹೊರಟುಬಿಟ್ಟ. ಲೈನಿನಲ್ಲಿ ತಾಯಂದಿರು ಓಡಿಬಂದು ಮಕ್ಕಳನ್ನು ಇಳಿಸಿಕೊಂಡರು.

ಮಾರನೆಯ ದಿನ ಜನ ಹೋಗಿ ನೋಡಿದರು. ಹೆಜ್ಜೆ ಇತ್ತು. ಅದು ಪೋಸ್ಟ್‌ಮ್ಯಾನ್ ಬೆಳಿಗ್ಗೆ ಇಟ್ಟದ್ದೋ, ಇನ್ನೊಂದು ಸಂಜೆ ಇಟ್ಟದ್ದೋ, ಹೇಳುವವರಿಲ್ಲ. ಪೋಸ್ಟ್‌ಮ್ಯಾನನದೇ ಎಂದು ಎಲ್ಲರೂ ಸೇರಿ ತೀರ್ಮಾನಿಸಿದರು. "ಮೇಡಂ, ನಿಮ್ಮ ಇನ್ನೊಂದು ಸಿಕ್ತಾ?" ಎಂದು ಹೆಡ್‌ಮಾಸ್ತರು ಬಹಳ ದಿನ ಕಾಲೆಳೆದರು. "ಸಿಗದೇ ಇರ್ಲಿ ಅಂತ್ಲೇ ಸಾರ್ ನಾನು ಬೇಡ್ಕೊಳ್ಳೋದು" ಎಂದು ಮೇಡಂ ಹಾಜರಿ ಹಾಕಲು ಹೋಗುತ್ತಿದ್ದರು. ಅವರಿಗೆ ಗೆಲ್ಲುವ ಆಸೆ ಒಂದಿಷ್ಟೂ ಇರಲಿಲ್ಲ.

ಅವರು ನಿವೃತ್ತರಾದ ಮೇಲೆ ಸಂಜೆ ಗೇಟಿನಲ್ಲಿ ನಾನು ನಿಲ್ಲುತ್ತಿದ್ದೇನೆ. ಯಾರೂ ಹೇಳಿದ್ದಲ್ಲ. ನಿಂತ ಮೇಲೆ ಗೊತ್ತಾಯಿತು, ಕಂಡವರು ಯಾರು ಎಂಬ ಮಾತು ತಾನಾಗಿ ಬಾಯಿಗೆ ಬರುತ್ತದೆ.

ಹೋದ ವಾರ ಬೆಳಿಗ್ಗೆ ಎಂದಿನಂತೆ ಸಕಲೇಶಪುರದಿಂದ ವನಗೂರಿನ ಬಸ್ಸು ಹತ್ತಿದೆ. ಜನ ಕಡಿಮೆ. ಊರು ದಾಟಿ ತೋಟಗಳು ಶುರುವಾಗುವಷ್ಟರಲ್ಲಿ ಕಂಡಕ್ಟರಿಗೆ ಒಂದು ಫೋನು ಬಂತು. ಅವನು ಬಾಗಿಲ ಹತ್ತಿರ ಹೋಗಿ ಮಾತಾಡಿ ಬಂದು, ಮುಂದಿನ ಸೀಟಿನವರಿಗೆ ಏನೋ ಹೇಳಿದ. ಸುದ್ದಿ ಸೀಟಿನಿಂದ ಸೀಟಿಗೆ ಹಿಂದಕ್ಕೆ ಬಂತು. ವನಗೂರಿಗೆ ಮುಂಚೆ, ಬೆಳಗಿನ ಜಾವ, ಆನೆ. ಯಾರೋ ಹೆಂಗಸಂತೆ. ಹೋಗ್ಬುಟ್ರಂತೆ.

ಬಸ್ಸಿನವರೆಲ್ಲ ಅಯ್ಯೋ ಪಾಪ ಎಂದರು. ವನಗೂರಿಗೆ ಮುಂಚೆ ಎಂದರೆ ಮೇಡಂನ ಹಳ್ಳಿ. ಬೆಳಗಿನ ಜಾವ ಎಂದರೆ ಅವರು ಎದ್ದು, ಹೂ ಬಿಡಿಸಲು ಹಿತ್ತಲಿಗೆ ಹೋಗುವ ಹೊತ್ತು. ಚಪ್ಪಾಳೆ ತಟ್ಟಿಯೇ ಹೋಗಿರುತ್ತಾರೆ, ತಟ್ಟದೆ ಹೋಗುವವರಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಫೋನು ಒತ್ತಿದೆ. ರಿಂಗಾಯಿತು. ತಿರುವಿನಲ್ಲಿ ಸಿಗ್ನಲ್ ಹೋಯಿತು. ಮತ್ತೆ ಒತ್ತಿದೆ. ಆ ಹೆಂಗಸು ಬೇರೆ ಯಾರಾದರೂ ಆಗಿರಲಿ ಎಂದು ಬೇಡಿಕೊಂಡೆ. ಬೇರೆ ಯಾರೇ ಆದರೂ ಆಗಬಹುದು, ಇವರೊಬ್ಬರು ಬೇಡ. ಹಾಗೆ ಬೇಡಿಕೊಂಡೆ ಎಂಬುದನ್ನು ಬರೆಯಲು ಭಯವಾಗುತ್ತದೆ.

"ಹಲೋ" ಎಂದರು ಮೇಡಂ. "ಮೇಡಂ..." ಎಂದೆ. ಅವರಿಗೆ ತಿಳಿಯಿತು. "ನಾನಲ್ಲ ಮೇಷ್ಟ್ರೇ. ಇದೀನಿ. ನಮ್ಮನೇಲೆಲ್ಲ ಇದೀವಿ. ನಮ್ಮೂರಲ್ಲ ಅದು, ಕೆಳಗಿನ ಊರು. ಯಾರು ಅಂತ ನಂಗೂ ಗೊತ್ತಾಗಿಲ್ಲ."

"ಇಲ್ಲಿ ಬಸ್ಸಲ್ಲಿ ಕಂಡಕ್ಟರಿಗೆ ಫೋನ್ ಬಂತು, ಯಾರೋ ಅಂತಾವ್ರೆ ಮೇಡಂ."

"ಯಾರೋ ಅಂತ ಬುಡಬೇಡಿ. ಕಂಡಕ್ಟರಿಗೆ ಫೋನ್ ಮಾಡಿರೋರು ಕಂಡೋರೇ ಇರ್ತಾರೆ. ಹೆಸ್ರು ಕೇಳಿ. ನಮ್ಮ ಮಕ್ಕಳ ತಾಯಿ ಯಾರಾದ್ರೂ ಆಗಿದ್ರೆ?"

ನಾನು ಫೋನು ಕಿವಿಯಲ್ಲೇ ಇಟ್ಟುಕೊಂಡು ಕಂಡಕ್ಟರನ್ನು ಕೈಸನ್ನೆ ಮಾಡಿ ಕರೆದೆ. ಯಾರು ಎಂದು ಕೇಳಿದೆ. ಅವನು ಟಿಕೆಟ್ ಮಿಷನ್ನು ನೋಡುತ್ತಾ ಗೊತ್ತಿಲ್ಲ ಎಂದ. ಕಂಡವರೇ ಫೋನು ಮಾಡಿರಬೇಕಲ್ಲ ಎಂದೆ. ಅವನು ಟಿಕೆಟ್ ಕೊಡುವವನಂತೆ ನನ್ನ ಮೇಲೆ ಬಾಗಿದ.

"ಗೊತ್ತು ಸಾ. ಹಿಂದ್ಗಡೆ ಸೀಟಲ್ಲಿ ಪೈಪು ಮಡಗಿಕೊಂಡು ಕೂತವ್ರಲ್ಲ, ಅವ್ರ ಮನೆಯೋರು. ರಾತ್ರಿ ಪೇಟೇಲೇ ಉಳ್ಕೊಂಡಿದ್ರಂತೆ, ಅವ್ರ ಫೋನು ಆಫ್ ಆಗೈತಂತೆ. ಊರಿನೋರು ಸ್ಟಾಪಿಗೆ ಬಂದು ನಿಂತವ್ರೆ, ಅಲ್ಲಿ ಗಂಟ ಹೇಳ್ಬೇಡಿ ಅಂದವ್ರೆ. ನಾನು ತಡೀನಾರ್ದೆ ಯಾರೋ ಅಂದ್ಬುಟ್ಟೆ ಸಾ. ಹೆಸ್ರು ಬಾಯಿಗೆ ಬರ್ತಿತ್ತು, ಯಾರೋ ಅಂದೆ."

ತಿರುಗಿ ನೋಡಬಾರದು ಎಂದುಕೊಂಡರೂ ನೋಡಿದೆ. ವಯಸ್ಸಾದವರೇನಲ್ಲ. ತೊಡೆಯ ಮೇಲೆ ಸುರುಳಿ ಸುತ್ತಿದ ಕಪ್ಪು ನೀರಿನ ಪೈಪು, ಅದರ ಮೇಲೆ ಎರಡು ಕೈ. ಕಿಟಕಿಯ ಆಚೆ ನೋಡುತ್ತಾ, ಪಕ್ಕದ ಸೀಟಿನವರ ಜೊತೆ ಆ ಹೆಂಗಸಿನ ವಿಷಯವೇ ಮಾತಾಡುತ್ತಿದ್ದರು. ಎಲ್ಲರೊಟ್ಟಿಗೆ ಅವರೂ ಅಯ್ಯೋ ಪಾಪ ಅಂದಿರಬೇಕು.

ಫೋನಿನಲ್ಲಿ ಮೇಡಂ ಎಲ್ಲ ಕೇಳಿಸಿಕೊಂಡಿದ್ದರು. ಬಸ್ಸು ಇಳಿಜಾರು ಇಳಿದು, ಹಳ್ಳದ ಸೇತುವೆ ದಾಟಿತು.

"ಮೇಷ್ಟ್ರೇ" ಎಂದರು. "ಹೋಗಿ ಅವರ ಪಕ್ಕ ಕೂತ್ಕೊಳ್ಳಿ." ಫೋನಿಟ್ಟರು.

ಕಂಬಿ ಹಿಡಿದುಕೊಂಡು ಹಿಂದಕ್ಕೆ ನಡೆದೆ. ಅಷ್ಟು ಭಯ ನನಗೆ ಆ ಟ್ರೈಲರಿನಲ್ಲೂ ಆಗಿರಲಿಲ್ಲ. ಪಕ್ಕದವರು ಮುಂದಿನ ಸ್ಟಾಪಿನಲ್ಲಿ ಇಳಿಯಲು ಎದ್ದರು. ಪೈಪಿನವರು ನನ್ನನ್ನು ನೋಡಿ, ಮೇಷ್ಟ್ರು ಎಂದು ಗುರುತು ಹಿಡಿದು, ಪೈಪನ್ನು ತಮ್ಮ ಕಡೆ ಎಳೆದುಕೊಂಡು ಜಾಗ ಮಾಡಿಕೊಟ್ಟರು.

"ಕಂಡಕ್ಟರ್‌ನ ಕೇಳ್ತಿದ್ರಲ್ಲ ಸಾ. ಯಾರಂತೆ, ಗೊತ್ತಾಯ್ತಾ?"

"ಇಲ್ಲ" ಎಂದೆ. "ಯಾರೋ ಅಂತೆ."

"ಯಾರ ಮನೆಯೋರೋ ಏನೋ, ಪಾಪ" ಎಂದು ಅವರು ಮತ್ತೆ ಕಿಟಕಿಯ ಕಡೆ ತಿರುಗಿದರು. ಅವರ ಊರು ಇನ್ನೂ ಎರಡು ತಿರುವು ಆಚೆ ಇತ್ತು. ಬಸ್ಸು ನಿಧಾನಕ್ಕೆ ಹತ್ತುತ್ತಿತ್ತು. ಇನ್ನೂ ನಿಧಾನವಾಗಲಿ ಎಂದು ನಾನು ಅವರ ಭುಜಕ್ಕೆ ಭುಜ ತಾಗಿಸಿಕೊಂಡು ಕೂತೆ.